ಶಿಂಜಿ ಮಿಕಾಮಿ: ಕ್ಯಾಮೆರಾ ಬದಲಾಯಿತು, ನಡೆಸುವ ರೀತಿ ಬದಲಾಗಲಿಲ್ಲ

ಜಪಾನಿನ ವಿಡಿಯೊ ಗೇಮ್ ನಿರ್ದೇಶಕ ಮಿಕಾಮಿ ಕ್ಯಾಪ್‌ಕಾಮ್ ಎಂಬ ಗೇಮ್ ಕಂಪನಿ ಸೇರಿದ್ದು 1990ರಲ್ಲಿ. ಆರಂಭದ ವರ್ಷಗಳಲ್ಲಿ ಡಿಸ್ನಿ ಪಾತ್ರಗಳ ಆಟಗಳಲ್ಲಿ ಕೆಲಸ ಮಾಡಿದರು. 1993ರ ‘ಅಲ್ಲಾದ್ದೀನ್’ ಅವುಗಳಲ್ಲೊಂದು. 1996ರಲ್ಲಿ ಪ್ಲೇಸ್ಟೇಷನ್ ಗೇಮ್ ಯಂತ್ರಕ್ಕೆ ಅವರು ನಿರ್ದೇಶಿಸಿದ ‘ರೆಸಿಡೆಂಟ್ ಈವಿಲ್’ ಬಂತು, ಸೋಂಬಿಗಳಿರುವ ಬಂಗಲೆಯಲ್ಲಿ ನಡೆಯುವ ಭಯದ ಆಟ. ನಾವು ಕೂತು ಓದಬೇಕಾದದ್ದು ಇಲ್ಲಿಂದ.

ಆ ಆಟದ ಹಿನ್ನೆಲೆಯೆಲ್ಲ ಮೊದಲೇ ತಯಾರಿಸಿಟ್ಟ ಚಪ್ಪಟೆ ಚಿತ್ರ. ಅದರ ಮೇಲೆ ಓಡಾಡುವ ಪಾತ್ರ ಮಾತ್ರ ತ್ರೀಡಿ. ಅಷ್ಟು ವಿವರವುಳ್ಳ ಬಂಗಲೆಯನ್ನು ಆಟ ನಡೆಯುತ್ತಿರುವಾಗಲೇ ಮೂಡಿಸುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಹಾಗಾಗಿ ಕ್ಯಾಮೆರಾ ತಿರುಗುವಂತಿಲ್ಲ. ಪಾತ್ರ ಒಂದು ಕಾಣದ ಗೆರೆ ದಾಟಿದೊಡನೆ ಬೇರೆ ಕೋನದ ಚಿತ್ರ ಬರುತ್ತದೆ.

ಈಗ ‘ಟ್ಯಾಂಕ್ ಕಂಟ್ರೋಲ್’, ಅಂದರೆ ಪರದೆಯ ದಿಕ್ಕಲ್ಲ, ಪಾತ್ರ ಮುಖ ಮಾಡಿದ ದಿಕ್ಕನ್ನು ಲೆಕ್ಕಕ್ಕೆ ಹಿಡಿದು ನಡೆಸುವ ರೀತಿ. ಇದು ಹಳೇ ಕಾಲದ ಒರಟು ಪದ್ಧತಿ ಅನ್ನುವವರೇ ಹೆಚ್ಚು, ಆದರೆ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ನೋಡಿ. ಪಾತ್ರ ಓಣಿಯಲ್ಲಿ ನಿಮ್ಮ ಕಡೆಗೇ ನಡೆದು ಬರುತ್ತಿದೆ. ಪರದೆಯ ದಿಕ್ಕನ್ನೇ ಲೆಕ್ಕಕ್ಕೆ ಹಿಡಿದರೆ ನೀವು ‘ಕೆಳಗೆ’ ಒತ್ತಿರುತ್ತೀರಿ. ಗೆರೆ ದಾಟಿತು, ಕ್ಯಾಮೆರಾ ಪಾತ್ರದ ಬೆನ್ನ ಹಿಂದಕ್ಕೆ ಹೋಯಿತು. ಬೆರಳು ಇನ್ನೂ ‘ಕೆಳಗೆ’ಯಲ್ಲೇ ಇದೆ, ಆದರೆ ಈಗ ಕೆಳಗೆ ಎಂದರೆ ಬಂದ ದಾರಿ. ಪಾತ್ರ ತಿರುಗಿ ಮತ್ತೆ ಗೆರೆ ದಾಟುತ್ತದೆ, ಕೋನ ಮತ್ತೆ ಬದಲಾಗುತ್ತದೆ, ಪಾತ್ರ ಮತ್ತೆ ತಿರುಗುತ್ತದೆ. ಬೆರಳು ತೆಗೆಯುವವರೆಗೂ ಇದೇ ಪಾಡು. ಟ್ಯಾಂಕ್ ಪದ್ಧತಿಯಲ್ಲಿ ‘ಮೇಲೆ’ ಎಂದರೆ ಯಾವಾಗಲೂ ಪಾತ್ರದ ಮುಂದಕ್ಕೆ. ಎಡ–ಬಲ ಒತ್ತಿದರೆ ನಿಂತಲ್ಲೇ ತಿರುಗುವುದು. ಕೋನ ಎಷ್ಟು ಸಲ ಬದಲಾದರೂ ಬೆರಳು ಕದಲಬೇಕಿಲ್ಲ. ನಷ್ಟವೂ ಇದೆ: ಪಾತ್ರ ನಿಮಗೆ ಎದುರಾಗಿದ್ದಾಗ ಅದರ ಬಲ ನಿಮ್ಮ ಎಡ. ಹೊಸಬರು ಸೋಂಬಿಯ ಕೈಗೆ ಸಿಕ್ಕುವುದು ಹೆಚ್ಚಾಗಿ ಈ ಗೊಂದಲದಲ್ಲೇ. ಆಡುವಾಗ ಪಾತ್ರದ ಬೆನ್ನ ಹಿಂದೆ ನಿಂತಂತೆ ಊಹಿಸಿಕೊಳ್ಳಿ, ಬೇಗ ಕೈಗೆ ಹತ್ತುತ್ತದೆ.

2005ರ ‘ರೆಸಿಡೆಂಟ್ ಈವಿಲ್ 4’ ಎಲ್ಲವನ್ನೂ ಬದಲಿಸಿತು ಎಂದು ಓದುತ್ತೇವೆ. ನಡಿಗೆಯ ಮಟ್ಟಿಗೆ ಅದು ನಿಜವಲ್ಲ. ಅಲ್ಲೂ ‘ಮೇಲೆ’ ಎಂದರೆ ಮುಂದಕ್ಕೆ, ಎಡ–ಬಲ ಎಂದರೆ ತಿರುಗುವುದು, ಗುರಿ ಹಿಡಿದಾಗ ಹೆಜ್ಜೆ ಇಡುವಂತಿಲ್ಲ. ಬದಲಾದದ್ದು ಕ್ಯಾಮೆರಾ: ಅದು ಭುಜದ ಹಿಂದೆ ಕೂತಿತು, ನಿಮ್ಮ ಬಲವೂ ಪಾತ್ರದ ಬಲವೂ ಒಂದಾದವು. ಹಳೇ ಪದ್ಧತಿಯ ಒಂದೇ ದೊಡ್ಡ ತೊಡಕು ಅಲ್ಲಿಗೆ ಕಳೆಯಿತು.

ಇದರ ಮುಂದಿನ ಹೆಜ್ಜೆ 2006ರ ಹೊಡೆದಾಟದ ಆಟ ‘ಗಾಡ್ ಹ್ಯಾಂಡ್’. ಕ್ಯಾಮೆರಾ ತಾನೇ ಬೆನ್ನ ಹಿಂದೆ ಇರುವುದರಿಂದ ಅದನ್ನು ತಿರುಗಿಸಲು ಕಂಟ್ರೋಲರ್‌ನ ಬಲಗಡೆಯ ಸ್ಟಿಕ್ ಬೇಕಿಲ್ಲ. ಮಿಕಾಮಿ ಆ ಸ್ಟಿಕ್ಕನ್ನು ಪೂರ್ತಿಯಾಗಿ ಹೊಡೆತ ತಪ್ಪಿಸಿಕೊಳ್ಳಲು ಕೊಟ್ಟರು. ಅವರ ಆಟಗಳಲ್ಲಿ ಇದಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಯಾವ ಆಟದಲ್ಲಿ ಅವರ ಕೆಲಸವೇನು ಎಂಬುದನ್ನೂ ಬೆರೆಸಬೇಡಿ. 1998ರ ‘ರೆಸಿಡೆಂಟ್ ಈವಿಲ್ 2’ಕ್ಕೆ ಮಿಕಾಮಿ ನಿರ್ಮಾಪಕ, ನಿರ್ದೇಶಕ ಹಿದೆಕಿ ಕಾಮಿಯಾ. 2010ರಲ್ಲಿ ಮಿಕಾಮಿ ಟ್ಯಾಂಗೋ ಗೇಮ್‌ವರ್ಕ್ಸ್ ಎಂಬ ಸ್ಟುಡಿಯೊ ಕಟ್ಟಿದರು. ಅದೇ ವರ್ಷ ಅಮೆರಿಕದ ಕಂಪನಿ ಝೆನಿಮ್ಯಾಕ್ಸ್ ಅದನ್ನು ಕೊಂಡಿತು. ಅಲ್ಲಿ ಅವರೇ ನಿರ್ದೇಶಿಸಿದ್ದು 2014ರ ‘ದಿ ಈವಿಲ್ ವಿದಿನ್’. 2017ರ ಎರಡನೇ ಭಾಗವನ್ನೂ 2023ರ ‘ಹೈ-ಫೈ ರಶ್’ ಅನ್ನೂ ನಿರ್ದೇಶಿಸಿದವರು ಜಾನ್ ಜೊಹಾನಸ್. 2023ರಲ್ಲೇ ಮಿಕಾಮಿ ಟ್ಯಾಂಗೋ ಬಿಟ್ಟರು. ಟ್ಯಾಂಗೋ ಬಿಟ್ಟ ಮೇಲೆ ಅವರು ಕಾಮುಯ್ ಎಂಬ ಸ್ಟುಡಿಯೊ ನಡೆಸಿದರು.