ಟಿವಿ ಹಣದಲ್ಲಿ ಒಂದು ವಿಶ್ವವಿದ್ಯಾಲಯದ ಬೆಲೆ ಎಷ್ಟು?

ಪ್ರಶ್ನೆ: ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಪ್ರಸಾರಕ್ಕೆ ನೂರಾರು ಕೋಟಿ ಡಾಲರ್‌ಗಳ ಒಪ್ಪಂದವಾಗುತ್ತದೆ. ಅದರಲ್ಲಿ ಒಂದು ವಿಶ್ವವಿದ್ಯಾಲಯದ ಬೆಲೆ ಎಷ್ಟೆಂದು ತಿಳಿಯುವುದು ಹೇಗೆ? ಒಟ್ಟು ಮೊತ್ತವನ್ನು ತಂಡಗಳ ಸಂಖ್ಯೆಯಿಂದ ಭಾಗಿಸಿದರೆ ಸಾಲದೇ?

ಸಾಲದು. ಭಾಗಿಸಿದರೆ ಸಿಗುವುದು ವಿಶ್ವವಿದ್ಯಾಲಯಕ್ಕೆ ಸಂದಾಯವಾಗುವ ಪಾಲು. ಬೆಲೆ ಬೇಕಿದ್ದರೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ತಂಡ ಗುಂಪಿನಲ್ಲಿ ಇರದಿದ್ದರೆ ಟಿವಿ ಸಂಸ್ಥೆ ಎಷ್ಟು ಕಡಿಮೆ ಕೊಡುತ್ತಿತ್ತು?

ಐಪಿಎಲ್‌ನಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. 2023ರಿಂದ 2027ರವರೆಗಿನ ಹಕ್ಕನ್ನು ಬಿಸಿಸಿಐ 48,390 ಕೋಟಿ ರೂಪಾಯಿಗೆ ಮಾರಿತು, ತಂಡಗಳಿಗೆ ಅದರಲ್ಲಿ ಪಾಲು ಬರುತ್ತದೆ. ಆರ್‌ಸಿಬಿ ಎಷ್ಟೇ ಜನಪ್ರಿಯವಾಗಿದ್ದರೂ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಲೀಗಿಗೆ ಹೋಗಲಾರದು. ಅಮೆರಿಕದ ವಿಶ್ವವಿದ್ಯಾಲಯ ಹೋಗಬಲ್ಲದು. ಅಲ್ಲಿ ಕಾಲೇಜು ಫುಟ್‌ಬಾಲ್ ಪ್ರಸಾರವನ್ನು ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಹಿಡಿತದಲ್ಲಿಟ್ಟುಕೊಂಡಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಕಡೆಯವರು ಹೂಡಿದ ಮೊಕದ್ದಮೆಯಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಆ ಹಿಡಿತವನ್ನು ಸಡಿಲಿಸಿತು. ಈಗ ವಿಶ್ವವಿದ್ಯಾಲಯಗಳು ‘ಕಾನ್ಫರೆನ್ಸ್’ ಎಂಬ ಒಕ್ಕೂಟಗಳ ಮೂಲಕ ಹಕ್ಕು ಮಾರುತ್ತವೆ, ಲಾಭ ಕಂಡರೆ ಒಕ್ಕೂಟವನ್ನೇ ಬದಲಿಸುತ್ತವೆ.

ಪಾಲಿಗೂ ಬೆಲೆಗೂ ಇರುವ ಅಂತರ 2023ರ ಬೇಸಿಗೆಯಲ್ಲಿ ಎದ್ದು ಕಂಡಿತು. ಬಿಗ್ ಟೆನ್ ಒಕ್ಕೂಟ ಅದಕ್ಕೂ ಒಂದು ವರ್ಷ ಮೊದಲು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಟಿವಿ ಸಂಸ್ಥೆಗಳ ಜೊತೆ ಏಳು ವರ್ಷಗಳಿಗೆ 700 ಕೋಟಿ ಡಾಲರಿಗೂ ಹೆಚ್ಚಿನ ಒಪ್ಪಂದ ಮಾಡಿಕೊಂಡಿತ್ತು. ಹಳೆಯ ಸದಸ್ಯರಿಗೆ ವರ್ಷಕ್ಕೆ 6 ಕೋಟಿ ಡಾಲರ್ ದಾಟಿ ಹಣ ಬರುತ್ತಿದ್ದ ಹೊತ್ತಿನಲ್ಲಿ ಒಳಬಂದ ಒರೆಗಾನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ಸುಮಾರು 3 ಕೋಟಿಗೆ ಒಪ್ಪಿಕೊಂಡವು. ಟಿವಿ ಸಂಸ್ಥೆ ಹೆಚ್ಚುವರಿಯಾಗಿ ಎಷ್ಟು ಕೊಡಲು ಸಿದ್ಧವಿದೆ ಎಂಬುದರ ಮೇಲೆ ಅವರ ಪಾಲು ನಿಂತಿತ್ತು. ಅದೇ ಬೇಸಿಗೆಯಲ್ಲಿ ಬಿಗ್ 12 ಎಂಬ ಇನ್ನೊಂದು ಒಕ್ಕೂಟ ಸೇರಿದ ಕೊಲೊರಾಡೊ, ಅರಿಜೋನಾ, ಯೂಟಾಗಳಿಗೆ ಪೂರ್ಣ ಪಾಲು, ಅಂದರೆ ಸುಮಾರು 3.17 ಕೋಟಿ ಡಾಲರ್, ಗೊತ್ತಾಯಿತು. ದೊಡ್ಡ ಒಕ್ಕೂಟದಿಂದ ಬರುವ ಹೊಸ ಸದಸ್ಯರಿಗೂ ಸಮಪಾಲು ಕೊಡಬೇಕೆಂಬ ಷರತ್ತು ಬಿಗ್ 12ರ ಟಿವಿ ಒಪ್ಪಂದದಲ್ಲಿತ್ತು. ಹಾಗಾಗಿ ಯಾರ ಬೆಲೆಯನ್ನು ಅಂದಾಜು ಮಾಡುವ ಮೊದಲೂ ಒಪ್ಪಂದದ ಷರತ್ತುಗಳನ್ನು ಓದಬೇಕು.

ಇನ್ನು ಅಂದಾಜಿನ ಕೆಲಸ. ಮೊದಲು ನಾಲ್ಕೈದು ವರ್ಷಗಳ ಪಂದ್ಯಗಳ ವೀಕ್ಷಕರ ಸಂಖ್ಯೆಯನ್ನು ಕಲೆಹಾಕುತ್ತಾರೆ. ಬರೀ ಸರಾಸರಿ ಮೋಸ ಮಾಡುತ್ತದೆ. ಮನೆಮನೆಗೂ ತಲುಪುವ ಫಾಕ್ಸ್‌ನಲ್ಲಿ ಮಧ್ಯಾಹ್ನ ಬಂದ ಪಂದ್ಯವನ್ನೂ, ಪೂರ್ವ ಕರಾವಳಿ ಮಲಗಿದ ಮೇಲೆ ಸಣ್ಣ ಕೇಬಲ್ ವಾಹಿನಿಯಲ್ಲಿ ಬಂದ ಪಂದ್ಯವನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ವಾಹಿನಿ, ವೇಳೆ, ಎದುರಾಳಿ ಈ ಮೂರರ ಪ್ರಭಾವವನ್ನು ಕಳೆದು ನೋಡಬೇಕು. ಆಮೇಲೆ 40 ಲಕ್ಷ ವೀಕ್ಷಕರನ್ನು ದಾಟಿದ ಪಂದ್ಯಗಳೆಷ್ಟು ಎಂದು ಎಣಿಸುತ್ತಾರೆ. ದೊಡ್ಡ ಜಾಹೀರಾತು ಹಣ ಇರುವುದು ಅಂಥ ಪಂದ್ಯಗಳಲ್ಲಿ.

ಜಾಗದ ಪ್ರಶ್ನೆಯೂ ಇದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಬಿಗ್ ಟೆನ್‌ಗೆ ಶನಿವಾರ ಇರುವ ಪ್ರಮುಖ ವೇಳೆಗಳು ಮೂರು: ಪೂರ್ವ ಕರಾವಳಿಯ ಸಮಯದಂತೆ ಮಧ್ಯಾಹ್ನ 12ಕ್ಕೆ ಫಾಕ್ಸ್, 3.30ಕ್ಕೆ ಸಿಬಿಎಸ್, ರಾತ್ರಿ 7.30ಕ್ಕೆ ಎನ್‌ಬಿಸಿ. ಹೊಸ ತಂಡದ ಪಂದ್ಯ ಆ ಮೂರರಲ್ಲೊಂದಕ್ಕೆ ಬಂದು, ಅಲ್ಲಿ ಬರಬಹುದಾಗಿದ್ದ ಪಂದ್ಯಕ್ಕಿಂತ ಹೆಚ್ಚು ಜನರನ್ನು ಸೆಳೆದರೆ ಮಾತ್ರ ಬೆಲೆ ಏರುತ್ತದೆ. 15 ಲಕ್ಷ ಜನ ನೋಡುವ ಒಳ್ಳೆಯ ತಂಡ ಅಲ್ಲಿ ಹೆಚ್ಚೇನನ್ನೂ ಸೇರಿಸುವುದಿಲ್ಲ.

ಊರಿನ ಜನಸಂಖ್ಯೆಗೆ ಬೆಲೆ ಇದ್ದ ಕಾಲವೂ ಇತ್ತು. ರಟ್ಗರ್ಸ್ ಮತ್ತು ಮೇರಿಲ್ಯಾಂಡ್ 2014ರಲ್ಲಿ ಬಿಗ್ ಟೆನ್‌ಗೆ ಬಂದದ್ದು ನ್ಯೂಯಾರ್ಕ್ ಮತ್ತು ರಾಜಧಾನಿ ವಾಷಿಂಗ್ಟನ್ ಸುತ್ತಮುತ್ತಲಿನ ಕೇಬಲ್ ಮನೆಗಳಿಗಾಗಿ. ಪಂದ್ಯ ನೋಡದವರೂ ಬಿಗ್ ಟೆನ್ ವಾಹಿನಿಗೆ ತಿಂಗಳ ಶುಲ್ಕ ತೆರುತ್ತಿದ್ದರು. ಕೇಬಲ್ ಚಂದಾದಾರರು ಕರಗಿದಂತೆ ಆ ಲೆಕ್ಕದ ತೂಕವೂ ಇಳಿಯಿತು.

ಗೆಲುವಿಗೆ ಬೆಲೆಯಿಲ್ಲವೇ? ಫುಟ್‌ಬಾಲ್ ಗೆಲುವಿಗೆ ಇದೆ. ಕನೆಕ್ಟಿಕಟ್ ವಿಶ್ವವಿದ್ಯಾಲಯ 2023 ಮತ್ತು 2024ರಲ್ಲಿ ಸತತವಾಗಿ ಪುರುಷರ ಬಾಸ್ಕೆಟ್‌ಬಾಲ್ ಚಾಂಪಿಯನ್ ಆಯಿತು. ಆದರೂ ಅದು ಇಂದಿಗೂ ಈ ಭಾರಿ ಒಕ್ಕೂಟಗಳ ಹೊರಗಿದೆ. ಬಾಸ್ಕೆಟ್‌ಬಾಲ್‌ನ ದೊಡ್ಡ ಹಣ ಮಾರ್ಚ್ ತಿಂಗಳ ಟೂರ್ನಿಯಲ್ಲಿದೆ, ಅದನ್ನು ಮಾರುವುದು ಎನ್‌ಸಿಎಎ.

ನನಗೆ ಈ ಇಡೀ ಲೆಕ್ಕದಲ್ಲಿ ತಪ್ಪೆನಿಸುವುದು ಒಂದು ಅಂಶ. 2023ರ ಮಿಷಿಗನ್–ಒಹಾಯೊ ಸ್ಟೇಟ್ ಪಂದ್ಯವನ್ನು ಸುಮಾರು 1.9 ಕೋಟಿ ಜನ ನೋಡಿದರು. ಆ ವೀಕ್ಷಕರನ್ನು ಯಾರ ಖಾತೆಗೆ ಬರೆಯಬೇಕು? ಅರ್ಧರ್ಧ ಹಂಚಿದರೆ ಸುಳ್ಳಾಗುತ್ತದೆ, ಏಕೆಂದರೆ ಜನ ನೋಡಿದ್ದು ನೂರು ವರ್ಷ ಮೀರಿದ ಹಗೆತನವನ್ನು. ಅದು ಎರಡೂ ತಂಡಗಳ ನಡುವೆ ಇದೆ, ಒಂದರ ಬಳಿಯೂ ಇಲ್ಲ. ಒಕ್ಲಹೋಮ 2024ರಲ್ಲಿ ಎಸ್‌ಇಸಿ ಎಂಬ ಮತ್ತೊಂದು ಒಕ್ಕೂಟ ಸೇರಿದಾಗ, 1910ರಿಂದ ಪ್ರತಿವರ್ಷ ನಡೆದು ಬಂದಿದ್ದ ಒಕ್ಲಹೋಮ ಸ್ಟೇಟ್ ಜೊತೆಗಿನ ಪಂದ್ಯ ನಿಂತುಹೋಯಿತು. ಆ ನಷ್ಟ ಯಾರ ಬೆಲೆಪಟ್ಟಿಯಲ್ಲೂ ದಾಖಲಾಗಲಿಲ್ಲ. ಒರೆಗಾನ್, ವಾಷಿಂಗ್ಟನ್ ಮೊದಲಾದವು ಬಿಟ್ಟುಹೋದ ಪ್ಯಾಕ್-12 ಒಕ್ಕೂಟ ಒಡೆದಾಗ ವಾಷಿಂಗ್ಟನ್ ಸ್ಟೇಟ್ ಮತ್ತು ಒರೆಗಾನ್ ಸ್ಟೇಟ್ ಹಿಂದೆ ಉಳಿದವು. ಪುಲ್‌ಮನ್, ಕೊರ್ವಾಲಿಸ್‌ನಂಥ ಸಣ್ಣ ಊರುಗಳ ಆ ತಂಡಗಳು ಅದುವರೆಗೆ ನೆರೆಯ ದೊಡ್ಡ ತಂಡಗಳಷ್ಟೇ ಪಾಲು ಪಡೆಯುತ್ತಿದ್ದವು. ಅವು ಎದುರಾಳಿಗಳಾಗಿ ದುಡಿದು ಕೊಟ್ಟ ವೀಕ್ಷಕರು ಮಾತ್ರ ವಲಸೆ ಹೋದವರ ಹೆಸರಿನಲ್ಲಿ ಉಳಿದರು. ಇದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ನಿಮ್ಮ ಕುತೂಹಲದ ವಿಶ್ವವಿದ್ಯಾಲಯ ಎಸಿಸಿ ಒಕ್ಕೂಟದಲ್ಲಿದ್ದರೆ ಈ ಅಂದಾಜಿಗೆ ಈಗ ನೇರ ಪರಿಣಾಮವಿದೆ. ಫ್ಲೋರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ಜೊತೆಗಿನ ಮೊಕದ್ದಮೆಗಳು 2025ರ ಮಾರ್ಚ್‌ನಲ್ಲಿ ರಾಜಿಯಾದ ಮೇಲೆ, ಟಿವಿ ಹಣದ ಶೇ 40 ಸಮವಾಗಿಯೂ ಶೇ 60 ಐದು ವರ್ಷಗಳ ವೀಕ್ಷಕರ ಸಂಖ್ಯೆಗೆ ಅನುಗುಣವಾಗಿಯೂ ಹಂಚಿಕೆಯಾಗುತ್ತದೆ. ಅದೇ ಒಕ್ಕೂಟಕ್ಕೆ 2024ರಲ್ಲಿ ಬಂದ ಡಲ್ಲಸ್‌ನ ಎಸ್‌ಎಂಯು, ಒಂಬತ್ತು ವರ್ಷ ಟಿವಿ ಹಣವೇ ಬೇಡವೆಂದು ಒಪ್ಪಿ ಒಳಬಂದಿತು.