ಧ್ರುವ ಕಾಣದ ಅಂಗಳದಲ್ಲಿ ಕೃತ್ತಿಕೆ

ಮದುವೆ ಫೋಟೊ ತೆಗೆಯುವುದು ನನ್ನ ಕಸುಬು. ಮದುಮಗನ ಬಿಳಿ ಪಂಚೆಯ ನೆರಿಗೆ ಫೋಟೊದಲ್ಲಿ ಕಾಣಬೇಕು. ಬೆಳಕು ಜಾಸ್ತಿಯಾಗಿ ಬರೀ ಬಿಳಿ ಬಟ್ಟೆ ಉಳಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಇಷ್ಟು ಗೊತ್ತಿದ್ದೂ, ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಅಂಗಳದಿಂದ ಮೊದಲ ಸಲ ಪುಷ್ಯ ನಕ್ಷತ್ರದ ಗುಂಪಿಗೆ ಟೆಲಿಸ್ಕೋಪ್ ತಿರುಗಿಸಿದಾಗ ಅದೇ ತಪ್ಪು ಮಾಡಿದೆ. ಮೂರು ನಿಮಿಷ ಶಟರ್ ತೆರೆದಿಟ್ಟೆ. ಚುಕ್ಕಿಗಳೆಲ್ಲ ಚೆಲ್ಲಿದ ಅಕ್ಕಿ ಕಾಳಿನ ಹಾಗೆ ಉದ್ದುದ್ದ, ಬೆಳ್ಳಬೆಳ್ಳಗೆ ಬಂದವು. ಹಿಂದೆ ಹೆದ್ದಾರಿ ದೀಪದ ಮಬ್ಬು.

ಆ ಗುಂಪಿನಲ್ಲಿ ಕೆಲವು ಕಿತ್ತಳೆ ಬಣ್ಣದ ದೈತ್ಯ ನಕ್ಷತ್ರಗಳಿವೆ. ನನ್ನ ಫೋಟೊದಲ್ಲಿ ಒಂದೂ ಇರಲಿಲ್ಲ. ಬರಿಗಣ್ಣಿಗೆ ಅದು ಒಂದು ಮಸುಕು ಕಲೆ, ಅಷ್ಟೆ. 1610ರಲ್ಲಿ ಗೆಲಿಲಿಯೊ ತನ್ನ ಪುಟ್ಟ ದೂರದರ್ಶಕದಲ್ಲೇ ಅದರಲ್ಲಿ 40ಕ್ಕಿಂತ ಹೆಚ್ಚು ನಕ್ಷತ್ರ ಕಂಡಿದ್ದ. ನಾನು ಅಷ್ಟೆಲ್ಲ ಉಪಕರಣ ಇಟ್ಟುಕೊಂಡು ಬಣ್ಣ ಕಳೆದುಕೊಂಡೆ.

ಕರಾವಳಿಯಲ್ಲಿ ಕೂತು ನೀಹಾರಿಕೆಗಳ (ಅನಿಲ, ಧೂಳಿನ ಮೋಡಗಳ) ಹಿಂದೆ ಬಿದ್ದರೆ ಬೇಜಾರೇ ಜಾಸ್ತಿ. ತೇವದ ಗಾಳಿ ಊರಿನ ಬೆಳಕನ್ನೆಲ್ಲ ಹಿಡಿದು ಆಕಾಶಕ್ಕೆ ಬಳಿಯುತ್ತದೆ. ಮಣಿಪಾಲದ ಕಡೆ ನೋಡಿದರೆ ಗೊತ್ತಾಗುತ್ತದೆ ಅಲ್ವಾ? ನೀಹಾರಿಕೆಯ ಹರಡಿಕೊಂಡ ಮಸುಕು ಬೆಳಕು ಇದರಲ್ಲಿ ಮುಳುಗಿಹೋಗುತ್ತದೆ. ನಕ್ಷತ್ರ ಹಾಗಲ್ಲ. ಅದರ ಬೆಳಕೆಲ್ಲ ಒಂದೇ ಚುಕ್ಕಿಯಲ್ಲಿ ಕೂತಿರುತ್ತದೆ, ಮಬ್ಬನ್ನು ತೂರಿಕೊಂಡು ಬರುತ್ತದೆ. ಅದಕ್ಕೇ ನಮ್ಮಂಥ ಅಂಗಳಕ್ಕೆ ನಕ್ಷತ್ರಗುಚ್ಛಗಳೇ ಸರಿ ಅನ್ನುತ್ತೇನೆ. ಅದೂ ಶಟರ್ ಕೆಲವೇ ಸೆಕೆಂಡ್ ತೆರೆದಿಡುವ ಚಿಕ್ಕ ಚಿಕ್ಕ ಎಕ್ಸ್‌ಪೋಶರ್‌ನಲ್ಲಿ.

ಚಿಕ್ಕ ಎಕ್ಸ್‌ಪೋಶರ್‌ಗೆ ಇನ್ನೊಂದು ಕಾರಣ ತೆಂಗಿನ ಮರ. ಭೂಮಿ ತಿರುಗುವುದಕ್ಕೆ ಸರಿಯಾಗಿ ಟೆಲಿಸ್ಕೋಪನ್ನೂ ತಿರುಗಿಸುವ ಮೌಂಟ್ ಬೇಕು. ಅದರ ಅಕ್ಷವನ್ನು ಧ್ರುವದ ಕಡೆ ಹೊಂದಿಸಬೇಕು. ಉಡುಪಿಯಲ್ಲಿ ಧ್ರುವ ನಕ್ಷತ್ರ ಬಾನಂಚಿನಿಂದ ಬರೀ 13 ಡಿಗ್ರಿ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಅದಕ್ಕಿಂತ ಸ್ವಲ್ಪವೇ ಜಾಸ್ತಿ. ನಮ್ಮ ಮನೆಯಲ್ಲಿ ಅಲ್ಲಿರುವುದು ಪಕ್ಕದವರ ತೆಂಗಿನ ತೋಟ. ಇಷ್ಟು ಕೆಳಗೆ ಬಾಗಿಸಿದರೆ ಕೆಲವು ಮೌಂಟ್‌ಗಳ ತೂಕ ಸರಿದೂಗಿಸುವ ಭಾರದ ಸರಳು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಕೊಳ್ಳುವ ಮುಂಚೆ ಇದನ್ನು ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ.

ಧ್ರುವ ಕಾಣದಿದ್ದರೂ ದಾರಿ ಇದೆ. ಟ್ರೈಪಾಡ್ ಸಮ ಮಾಡಿ, ಮೌಂಟಿನ ಅಕ್ಷಾಂಶದ ಸ್ಕೇಲನ್ನು 13ಕ್ಕೆ ಇಟ್ಟು, ದಿಕ್ಸೂಚಿಯಲ್ಲಿ ಉತ್ತರ ಹಿಡಿಯಿರಿ. ಲ್ಯಾಪ್‌ಟಾಪ್ ಇದ್ದರೆ 'ನೀನಾ' ಎಂಬ ಉಚಿತ ಸಾಫ್ಟ್‌ವೇರ್‌ಗೆ ಮೂರು ಬಿಂದುಗಳ ಪ್ಲಗಿನ್ (ಜೋಡಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್) ಸಿಗುತ್ತದೆ. ಕಾಣುವ ಆಕಾಶದ ಮೂರು ಫೋಟೊ ತೆಗೆದು ಅಕ್ಷ ಎಷ್ಟು ತಪ್ಪಿದೆ ಅಂತ ಅದೇ ಹೇಳುತ್ತದೆ. ಉಳಿದ ಸಣ್ಣ ತಪ್ಪು 20 ಸೆಕೆಂಡಿನ ಫೋಟೊದಲ್ಲಿ ಕಾಣುವುದೇ ಇಲ್ಲ.

ಕೃತ್ತಿಕೆಯಿಂದ ಶುರುಮಾಡಿ. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ಅದು ನೆತ್ತಿಯ ಹತ್ತಿರ ಇರುತ್ತದೆ. ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರ. ಗುಂಪಿನ ಹರವು ಸುಮಾರು ಎರಡು ಡಿಗ್ರಿ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಹಾಗಾಗಿ ಉದ್ದ ಫೋಕಸ್‌ನ ದೊಡ್ಡ ಟೆಲಿಸ್ಕೋಪ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನನ್ನದು 80 ಮಿಲಿಮೀಟರ್ ಅಗಲದ, 480 ಮಿಲಿಮೀಟರ್ ಫೋಕಸ್‌ನ ಸಣ್ಣದು. ಮಾಮೂಲಿ ಎಪಿಎಸ್-ಸಿ (ಮಧ್ಯಮ ಅಳತೆಯ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಗುಂಪು ಚೆನ್ನಾಗಿ ಕೂರುತ್ತದೆ.

ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) 800, ಶಟರ್ 20 ಸೆಕೆಂಡ್, ನೂರು ಫೋಟೊ, ಕ್ಯಾಮೆರಾ ಏನೂ ತಿದ್ದದ ರಾ ಫೈಲ್‌ನಲ್ಲೇ. ಅವನ್ನು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಒಂದರ ಮೇಲೊಂದು ಪೇರಿಸಿ. ಎರಡೂ ಉಚಿತ ಸಾಫ್ಟ್‌ವೇರ್. ನೂರು ಫೋಟೊ ಪೇರಿಸಿದರೆ ನಾಯ್ಸ್ (ಫೋಟೊದ ಕಾಳುಕಾಳು ಮಚ್ಚೆ) ಹತ್ತನೇ ಒಂದಕ್ಕೆ ಇಳಿಯುತ್ತದೆ, ನಕ್ಷತ್ರದ ಬಣ್ಣ ಮಾತ್ರ ಹಾಗೇ ಉಳಿಯುತ್ತದೆ. ಕೃತ್ತಿಕೆಯ ಸುತ್ತ ಪತ್ರಿಕೆಗಳಲ್ಲಿ ಕಾಣುವ ನೀಲಿ ಹೊಗೆ ನಿಮ್ಮ ಫೋಟೊದಲ್ಲಿ ಸರಿಯಾಗಿ ಬರಲಿಕ್ಕಿಲ್ಲ. ಅದು ಈ ಗುಂಪು ಈಗ ಹಾದುಹೋಗುತ್ತಿರುವ ಧೂಳಿನ ಮೋಡ, ಅದಕ್ಕೆ ಕತ್ತಲ ಊರೇ ಬೇಕು. ಬಲವಂತವಾಗಿ ಎಳೆದು ಬಣ್ಣ ಬಳಿಯಬೇಡಿ.

ಫೋಕಸ್‌ಗೆ ಬಖ್ತಿನೋವ್ ಮಾಸ್ಕ್ ಸಾಕು, ಟೆಲಿಸ್ಕೋಪಿನ ಬಾಯಿಗೆ ಇಡುವ ಸೀಳುಗಳ ಮುಚ್ಚಳ ಅದು. ದಪ್ಪ ರಟ್ಟಿನಲ್ಲಿ ನೀವೇ ಕತ್ತರಿಸಬಹುದು. ಫ್ಲ್ಯಾಟ್ ಫೋಟೊಗೆ, ಅಂದರೆ ಧೂಳಿನ ಕಲೆ, ಅಂಚಿನ ಮಬ್ಬು ಸರಿಪಡಿಸಲು ತೆಗೆಯುವ ಸಮಬೆಳಕಿನ ಫೋಟೊಗೆ, ನಾನು ಬಳಸುವುದು ಇಸ್ತ್ರಿ ಮಾಡಿದ ಬಿಳಿ ಪಂಚೆ. ಎರಡು ಪದರ ಮಾಡಿ ಟ್ಯೂಬಿನ ಬಾಯಿಗೆ ಕಟ್ಟಿ, ಬೆಳಗಿನ ಜಾವದ ಆಕಾಶಕ್ಕೆ ಹಿಡಿಯುತ್ತೇನೆ. ಮದುಮಗನ ಪಂಚೆ ಕೊನೆಗೂ ಸರಿಯಾದ ಕೆಲಸಕ್ಕೆ ಬಂತು!

ನನಗೆ ಅತಿ ಇಷ್ಟದ್ದು ಒಮೇಗಾ ಸೆಂಟಾರಿ. ಸುಮಾರು 17,000 ಜ್ಯೋತಿರ್ವರ್ಷ ದೂರದ ಗೋಳಗುಚ್ಛ (ಚೆಂಡಿನ ಹಾಗೆ ಒತ್ತೊತ್ತಾಗಿ ಕೂಡಿದ ನಕ್ಷತ್ರಗಳ ಗುಂಪು), ಸುಮಾರು ಒಂದು ಕೋಟಿ ನಕ್ಷತ್ರ. ಲಂಡನ್‌ನಿಂದ ಅದು ಕಾಣುವುದೇ ಇಲ್ಲ. ದೆಹಲಿಯಲ್ಲಿ ಬರೀ 14 ಡಿಗ್ರಿಯಷ್ಟು ಏರುತ್ತದೆ. ನಮಗೆ ದಕ್ಷಿಣದಲ್ಲಿ 29 ಡಿಗ್ರಿವರೆಗೂ ಏರುತ್ತದೆ. ಧ್ರುವವನ್ನು ಕಿತ್ತುಕೊಂಡ ಅಕ್ಷಾಂಶವೇ ಇದನ್ನು ಕೊಟ್ಟಿದೆ. ಮಾರ್ಚ್ ಕೊನೆಯಲ್ಲಿ ಬೆಳಗಿನ ಜಾವ ಎರಡರ ಸುಮಾರಿಗೆ ಸರಿಯಾದ ಹೊತ್ತು. ಮೇ ತಿಂಗಳಿಗೆ ಕಾದರೆ ಹತ್ತು ಗಂಟೆಗೇ ಸಿಗುತ್ತದೆ ನಿಜ, ಆದರೆ ಆಗ ಮೋಡ, ಸೆಕೆ. ಇದರ ನಡುಭಾಗ ಬೇಗ ಸುಟ್ಟು ಬಿಳಿಯಾಗುತ್ತದೆ. ಹತ್ತು ಸೆಕೆಂಡಿನದು ಒಂದು ಸೆಟ್, ಮೂವತ್ತರದು ಇನ್ನೊಂದು ಸೆಟ್ ತೆಗೆದು ಆಮೇಲೆ ಸೇರಿಸಿ.

ಇಬ್ಬನಿಯ ಬಗ್ಗೆ ಹೇಳದಿದ್ದರೆ ಉಡುಪಿಯವನೇ ಅಲ್ಲ. ಮುಕ್ಕಾಲು ಗಂಟೆಯಲ್ಲಿ ಲೆನ್ಸ್ ಮಂಜಾಗುತ್ತದೆ. ಮುಂದೆ ಉದ್ದ ಹುಡ್ ಹಾಕಿ, ಬೆಲ್ಟಿನ ಹಾಗೆ ಸುತ್ತುವ ಹೀಟರ್ ಕಟ್ಟಿ. ಒಂದು ಸಲ ಮುಗಿಸಿದ ಕೂಡಲೇ ಒದ್ದೆ ಟೆಲಿಸ್ಕೋಪನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಮಳೆಗಾಲ ಕಳೆದು ತೆರೆದಾಗ ಗಾಜಿನ ಒಳಗೆ ಜೇಡರ ಬಲೆಯಂಥ ಬೂಸ್ಟು. ಈಗ ಬಾಯಿ ಮುಚ್ಚದೆ ಹಾಲ್‌ನಲ್ಲಿ ಫ್ಯಾನ್ ಕೆಳಗೆ ಬೆಳಗ್ಗಿನವರೆಗೆ ಇಡುತ್ತೇನೆ, ಆಮೇಲೆ ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ. ಮನೆಯವರಿಗೆ ಮಾತ್ರ ಮೊದಲೇ ಹೇಳಿಡಿ, ಕತ್ತಲಲ್ಲಿ ಟ್ರೈಪಾಡ್ ಕಾಲಿಗೆ ಎಡವುತ್ತಾರೆ.