ಒಳಗೆ ಎಷ್ಟಿದೆ? ನೆನಪು, ಕಟ್ಟಡ ಕೆಲಸ, ಬ್ಯಾಟರಿ – ನನ್ನ ಓದಿನ ಟಿಪ್ಪಣಿ

ಈ ಸಲ ಮೂರು ವಿಷಯ ಒಟ್ಟಿಗೆ ಓದಿದೆ. ನೆನಪು, ಕಟ್ಟಡ ಕೆಲಸದ ಪ್ಲಾನಿಂಗ್, ಬ್ಯಾಟರಿ. ಸಿವಿಲ್ ಓದಿದವರಿಗೆ ಮಧ್ಯದ್ದು ಹೊಟ್ಟೆಪಾಡು, ಉಳಿದೆರಡು ಕುತೂಹಲಕ್ಕೆ ಅಂತ ಕೈಗೆ ತಗೊಂಡಿದ್ದು. ಓದುತ್ತಾ ಹೋದ ಹಾಗೆ ಮೂರೂ ಕಡೆ ಒಂದೇ ಪ್ರಶ್ನೆ ಎದುರಾಯಿತು: ಒಳಗೆ ನಿಜವಾಗಿ ಎಷ್ಟಿದೆ ಅಂತ ಹೊರಗಿನಿಂದ ತಿಳಿಯೋದು ಹೇಗೆ? ತಲೆಯಲ್ಲಿ ಪಾಠ ಎಷ್ಟು ಉಳಿದಿದೆ, ಮನೆ ಕೆಲಸ ಎಷ್ಟು ಮುಗಿದಿದೆ, ಬ್ಯಾಟರಿಯಲ್ಲಿ ಚಾರ್ಜ್ ಎಷ್ಟಿದೆ. ಮೂರರಲ್ಲೂ ಕಣ್ಣಿಗೆ ಸುಲಭವಾಗಿ ಸಿಗುವ ಗುರುತು ಒಂದು ಹೇಳುತ್ತದೆ, ಒಳಗಿನ ಲೆಕ್ಕ ಬೇರೆಯೇ ಇರುತ್ತದೆ. ಪರೀಕ್ಷೆಗೆ ಕೂತಿರುವವರು ಮೊದಲ ಭಾಗವನ್ನಾದರೂ ಪೂರ್ತಿ ಓದಿ.

ನೆನಪು

ಶುರು ಎಬಿಂಗ್‌ಹೌಸ್‌ನಿಂದ. 1885ರಲ್ಲಿ ಈ ಜರ್ಮನ್ ವಿಜ್ಞಾನಿ ತನ್ನ ಮೇಲೇ ಮಾಡಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದ. ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಬಾಯಿಪಾಠ ಮಾಡೋದು, ಸ್ವಲ್ಪ ಸಮಯ ಬಿಟ್ಟು ಅದನ್ನೇ ಮತ್ತೆ ಕಲಿಯೋದು, ಎರಡನೇ ಸಲ ಕಲಿಯೋಕೆ ಎಷ್ಟು ಸಮಯ ಉಳಿತಾಯ ಆಯಿತು ಅಂತ ಅಳೆಯೋದು. 20 ನಿಮಿಷ ಬಿಟ್ಟು ಕಲಿತರೆ ಶೇ. 58ರಷ್ಟು ಉಳಿತಾಯ. ಒಂದು ದಿನ ಬಿಟ್ಟರೆ ಸುಮಾರು ಮೂರನೇ ಒಂದು ಭಾಗ. 31 ದಿನ ಬಿಟ್ಟರೆ ಐದನೇ ಒಂದು ಭಾಗ. ಹಳೇ ಕಾಲದ ಲೆಕ್ಕ ಅಂತ ತಳ್ಳಿ ಹಾಕುವ ಹಾಗಿಲ್ಲ, 2015ರಲ್ಲಿ ಆಮ್‌ಸ್ಟರ್‌ಡಾಮ್‌ನ ಇಬ್ಬರು ಸಂಶೋಧಕರು ಇದನ್ನೇ ಮತ್ತೆ ಮಾಡಿ ನೋಡಿದರು. ಅವರಲ್ಲೊಬ್ಬರು ಸುಮಾರು 70 ಗಂಟೆ ಕೂತು ಪಟ್ಟಿ ಕಲಿತರು. ಮರೆವಿನ ಗ್ರಾಫಿನ ಗೆರೆ ಹೆಚ್ಚುಕಡಿಮೆ ಹಾಗೇ ಬಂತು. ಮರೆವು ಮೊದಲ ದಿನವೇ ಜಾಸ್ತಿ, ಆಮೇಲೆ ನಿಧಾನ.

ಇಷ್ಟು ನಮಗೆಲ್ಲ ಅಲ್ಪಸ್ವಲ್ಪ ಗೊತ್ತಿರೋದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು 2006ರ ಒಂದು ಪ್ರಯೋಗ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಮಾಡಿದ್ದು. ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯಲ್ಲೂ ಅದನ್ನೇ ಓದಿತು, ಒಟ್ಟು ಸರಾಸರಿ 14 ಸಲ. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿತು, ಮೂರು ನಾಲ್ಕು ಸಲ ಅಷ್ಟೇ. ಉಳಿದ ಮೂರು ಅವಧಿಯಲ್ಲಿ ಪಾಠ ನೋಡದೆ, ನೆನಪಿಗೆ ಬಂದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿತು. ಬರೆದದ್ದು ಸರಿಯೋ ತಪ್ಪೋ ಅಂತ ಯಾರೂ ಹೇಳಲಿಲ್ಲ.

5 ನಿಮಿಷ ಬಿಟ್ಟು ಕೇಳಿದಾಗ ಓದಿದವರದ್ದೇ ಮೇಲುಗೈ: ಶೇ. 83. ಬರೆದವರು ಶೇ. 71. ಹೀಗೇ ಕಲಿತ ಬೇರೆ ವಿದ್ಯಾರ್ಥಿಗಳನ್ನು ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ಮಗುಚಿ ಬಿತ್ತು. ಬರೀ ಓದಿದವರಿಗೆ ಶೇ. 40, ಬರೆದವರಿಗೆ ಶೇ. 61. ಇದರಲ್ಲಿ ನಿಜವಾಗಿ ಗಮನಿಸಬೇಕಾದ್ದು ಇನ್ನೊಂದಿದೆ. ಕಲಿಕೆ ಮುಗಿದ ತಕ್ಷಣ, ಒಂದು ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ ಅಂತ ಅವರನ್ನೇ ಕೇಳಿದ್ದರು. ಜಾಸ್ತಿ ಧೈರ್ಯ ತೋರಿಸಿದ್ದು ಓದಿದ ಗುಂಪು!

ಯಾಕೆ ಹೀಗೆ ಅಂದ್ರೆ, ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಯದ ಮುಖದ ಹಾಗೆ ಕಾಣುತ್ತವೆ. ದಾರಿಯಲ್ಲಿ ಸಿಕ್ಕವರ ಮುಖ ಗುರುತು ಸಿಗೋದು ಬೇರೆ, ಅವರ ಹೆಸರು ಬಾಯಿಗೆ ಬರೋದು ಬೇರೆ ಅಲ್ವಾ? ಪರೀಕ್ಷೆ ಕೇಳೋದು ಹೆಸರನ್ನು.

ಇವರಿಬ್ಬರೇ 2008ರಲ್ಲಿ 40 ಸ್ವಾಹಿಲಿ ಪದಗಳನ್ನು ಅರ್ಥದ ಜೊತೆ ಕಲಿಸಿ ನೋಡಿದರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನೂ ಮತ್ತೆ ಮತ್ತೆ ಕೇಳುತ್ತಾ ಹೋದ ಗುಂಪುಗಳಿಗೆ ಒಂದು ವಾರದ ನಂತರ ಸುಮಾರು ಶೇ. 80 ನೆನಪಿತ್ತು. 'ಇದು ಬಂತಲ್ಲ, ಇನ್ನು ಕೇಳೋದು ಬೇಡ' ಅಂತ ಬಿಟ್ಟ ಗುಂಪುಗಳಿಗೆ ಮೂರನೇ ಒಂದು ಭಾಗದ ಆಸುಪಾಸು. ಆ ಪದವನ್ನು ಓದೋದು ಮುಂದುವರಿಸಿದರೂ ಅಂಥ ವ್ಯತ್ಯಾಸ ಬೀಳಲಿಲ್ಲ. ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ತಮಗೆ ಅರ್ಧದಷ್ಟು ನೆನಪಿರಬಹುದು ಅಂದಿದ್ದರು. ಯಾವ ಗುಂಪಿಗೂ ತನ್ನ ಒಳಗಿನ ಲೆಕ್ಕ ಸಿಕ್ಕಿರಲಿಲ್ಲ.

ನಾನು ಈಗ ಮಾಡುತ್ತಿರುವುದು ಇಷ್ಟು. ಹಳೇ ಡ್ರಾಯಿಂಗ್ ಶೀಟಿನ ಹಿಂಬದಿ ತಗೊಳ್ಳುತ್ತೇನೆ, ಪುಸ್ತಕ ಮುಚ್ಚುತ್ತೇನೆ, ಬರೆಯುತ್ತೇನೆ. ಮೊನ್ನೆ ಟೆರ್ಜಾಗಿಯ ಬೇರಿಂಗ್ ಕೆಪ್ಯಾಸಿಟಿ ಸೂತ್ರ, ಅಂದ್ರೆ ಪಾಯದ ಕೆಳಗಿನ ಮಣ್ಣು ಎಷ್ಟು ಭಾರ ತಡೆಯುತ್ತದೆ ಅನ್ನೋ ಲೆಕ್ಕ, ಬರೆದೆ. ಹತ್ತಾರು ಸಲ ಓದಿದ ಸೂತ್ರ. ಮಣ್ಣಿನ ಅಂಟುಗುಣದ ಭಾಗ ಬಂತು, ಪಾಯದ ಆಳದ ಭಾಗ ಬಂತು, ಪಾಯದ ಅಗಲ ಇರುವ ಮೂರನೇ ಭಾಗ ಬರಲೇ ಇಲ್ಲ. ಹತ್ತು ನಿಮಿಷ ಕೂತೆ. ಕೊನೆಗೆ ಪುಸ್ತಕ ತೆರೆದು ನೋಡಿದ ಮೇಲೆ ಆ ಭಾಗ ಇವತ್ತಿನವರೆಗೂ ಮರೆತಿಲ್ಲ. ಒದ್ದಾಡುವಾಗ ಬೇಸರ ಆಗುತ್ತದೆ, ಆದರೆ ಬಿಡಬೇಡಿ. ಕಲಿಕೆ ನಡೆಯೋದು ಅಲ್ಲೇ.

ಎಷ್ಟು ದಿನ ಬಿಟ್ಟು ಮತ್ತೆ ಬರೆಯಬೇಕು? 2008ರಲ್ಲಿ ಸೆಪೇಡಾ ಮತ್ತು ಸಂಗಡಿಗರು 1,350ಕ್ಕೂ ಹೆಚ್ಚು ಜನರ ಮೇಲೆ ಇದನ್ನು ನೋಡಿದ್ದಾರೆ. ಪರೀಕ್ಷೆ ಒಂದು ವಾರ ದೂರ ಇದ್ದರೆ ಆ ಅವಧಿಯ ಶೇ. 20ರಿಂದ 40, ಅಂದ್ರೆ ಒಂದೆರಡು ದಿನದ ಅಂತರ ಒಳ್ಳೆಯದು. ಒಂದು ವರ್ಷ ದೂರ ಇದ್ದರೆ ಶೇ. 5ರಿಂದ 10, ಅಂದ್ರೆ ಮೂರರಿಂದ ಐದು ವಾರ. ಒಂದೇ ಸೂತ್ರ ಎಲ್ಲರಿಗೂ ಹೊಂದೋದಿಲ್ಲ, ಪರೀಕ್ಷೆ ಎಷ್ಟು ದೂರ ಅನ್ನೋದರ ಮೇಲೆ ಅಂತರ ನಿಂತಿದೆ.

ಕಟ್ಟಡ ಕೆಲಸ

ಕ್ರಿಟಿಕಲ್ ಪಾತ್ ಬಗ್ಗೆ ಇಲ್ಲಿ ಜಾಸ್ತಿ ಬರೆಯೋದಿಲ್ಲ, ಎಲ್ಲ ಪಠ್ಯಪುಸ್ತಕದಲ್ಲೂ ಇದೆ. 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ಹುಟ್ಟಿದ್ದು. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಪ್ರಾಜೆಕ್ಟ್ ಒಂದು ದಿನ ತಡವಾಗುತ್ತದೋ ಆ ಸರಪಳಿಯನ್ನು ಹುಡುಕಿ ಕೊಡುತ್ತದೆ. ಲೆಕ್ಕ ಸರಿಯಾಗಿದೆ. ತೊಂದರೆ ಇರೋದು ಅದಕ್ಕೆ ನಾವು ತುಂಬುವ ದಿನಗಳ ಸಂಖ್ಯೆಯಲ್ಲಿ.

ಇದಕ್ಕೆ ಒಳ್ಳೆಯ ಉದಾಹರಣೆ ವಿದ್ಯಾರ್ಥಿಗಳೇ. 1994ರಲ್ಲಿ ಕೆನಡಾದ ಬ್ಯೂಲರ್, ಗ್ರಿಫಿನ್ ಮತ್ತು ರಾಸ್, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ 34 ದಿನ. ಏನೇನು ಕೆಡಬಹುದೋ ಎಲ್ಲಾ ಕೆಟ್ಟರೆ? ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸುಮಾರು 56 ದಿನ. ಎಲ್ಲಾ ಕೆಟ್ಟರೂ ಇಷ್ಟೇ ಅಂದಿದ್ದ ಲೆಕ್ಕವೂ ಸಾಲಲಿಲ್ಲ, ನೋಡಿ.

ಜನ ಮುಂದಿನ ಕೆಲಸವನ್ನು ಕಥೆಯ ಹಾಗೆ ಊಹಿಸಿಕೊಳ್ಳುತ್ತಾರೆ. ಮೊದಲು ಇದು, ಆಮೇಲೆ ಅದು, ಮುಗೀತು. ಹಿಂದಿನ ಸಲ ಏನಾಯಿತು ಅನ್ನೋದು ತಲೆಗೆ ಬರೋದೇ ಇಲ್ಲ, ಬಂದರೂ 'ಆಗ ಜ್ವರ ಬಂದಿತ್ತು' ಅಂತ ಕಾರಣ ಕೊಟ್ಟು ಬದಿಗಿಡುತ್ತೇವೆ. ಅದೇ ಸಂಶೋಧಕರು, ಹಳೇ ಅನುಭವ ನೆನಪಿಸಿಕೊಂಡು ಈಗಿನ ಕೆಲಸಕ್ಕೆ ಜೋಡಿಸಿ ಅಂತ ಹೇಳಿದಾಗ ಅಂದಾಜು ವಾಸ್ತವಕ್ಕೆ ಹತ್ತಿರ ಬಂತು. ಇಲ್ಲೂ ನೆನಪನ್ನು ಹೊರಗೆ ತೆಗೆಯೋದೇ ಮದ್ದು.

ಇದೇ ದಾರಿಯನ್ನು ದೊಡ್ಡ ಪ್ರಾಜೆಕ್ಟುಗಳಿಗೆ ತಂದವರು ಡೆನ್ಮಾರ್ಕ್ ಮೂಲದ ಬೆಂಟ್ ಫ್ಲಿವ್‌ಬ್ಯಾರ್ಗ್. 2002ರಲ್ಲಿ ಅವರ ತಂಡ 20 ದೇಶಗಳ 258 ಸಾರಿಗೆ ಪ್ರಾಜೆಕ್ಟುಗಳನ್ನು ನೋಡಿತು. ಹತ್ತರಲ್ಲಿ ಒಂಬತ್ತು ವೆಚ್ಚದ ಅಂದಾಜು ಮೀರಿದ್ದವು. ರೈಲು ಕಾಮಗಾರಿಗಳು ಸರಾಸರಿ ಶೇ. 45, ರಸ್ತೆಗಳು ಶೇ. 20. ಅವರ ಸಲಹೆ ಸರಳ: ನಿಮ್ಮ ಪ್ರಾಜೆಕ್ಟಿನ ಒಳಗೇ ಕೂತು ದಿನ ಎಣಿಸಬೇಡಿ, ಇಂಥದ್ದೇ ಹಳೇ ಪ್ರಾಜೆಕ್ಟುಗಳು ನಿಜವಾಗಿ ಎಷ್ಟು ತಗೊಂಡವು ಅಂತ ಮೊದಲು ನೋಡಿ.

ಸೈಟಿನಲ್ಲಿರುವವರಿಗೆ ಇದಕ್ಕಿಂತ ಕೈಗೆ ಸಿಗುವ ಉಪಾಯ ಗ್ಲೆನ್ ಬಲಾರ್ಡ್ ಮತ್ತು ಗ್ರೆಗ್ ಹೋವೆಲ್ ಕೊಟ್ಟಿದ್ದಾರೆ. ಹೆಸರು ಲಾಸ್ಟ್ ಪ್ಲಾನರ್. ವಾರದ ಮೊದಲ ದಿನ ಕೆಲಸ ಮಾಡುವವರೇ ಮಾತು ಕೊಡುತ್ತಾರೆ, ವಾರದ ಕೊನೆಗೆ ಎಣಿಸುತ್ತಾರೆ: ಕೊಟ್ಟ ಮಾತಿನಲ್ಲಿ ಎಷ್ಟು ಪೂರ್ತಿ ಆಯಿತು? ಒಂದು ನಿಯಮ ಕಟ್ಟುನಿಟ್ಟು. ಅರ್ಧ ಆಗಿದ್ದರೆ ಸೊನ್ನೆ. ಮುಕ್ಕಾಲು ಆಗಿದ್ದರೂ ಸೊನ್ನೆ. ಈ ಪದ್ಧತಿ ಇಲ್ಲದ ಸೈಟುಗಳಲ್ಲಿ ಅವರು ಅಳೆದಾಗ ಮುಗಿಯುತ್ತಿದ್ದದ್ದು ಹೆಚ್ಚುಕಡಿಮೆ ಅರ್ಧ ಮಾತ್ರ.

ನಮ್ಮ ಅಕ್ಕನ ಮನೆ ಕಟ್ಟುವಾಗ ಇದನ್ನು ಮಾಡಿ ನೋಡಿದೆ. ಪ್ಲಾಸ್ಟರಿಂಗ್ ಆಗಿತ್ತು. 'ಇನ್ನೇನಿಲ್ಲ ಅಕ್ಕಾ, ಬರೀ ಫಿನಿಶಿಂಗ್ ಬಾಕಿ, ಹಬ್ಬಕ್ಕೆ ಹಾಲು ಉಕ್ಕಿಸಿ' ಅಂತ ಮೇಸ್ತ್ರಿ ಅಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಹೊರಗಿನಿಂದ ನೋಡಿದರೆ ಮನೆ ಮನೆಯ ಹಾಗೇ ಕಾಣುತ್ತಿತ್ತು. ಸೋಮವಾರ ಅವರ ಜೊತೆ ಕೂತು ಗೋಡೆಯ ಮೇಲೇ ಪೆನ್ಸಿಲ್‌ನಲ್ಲಿ ಒಂಬತ್ತು ಕೆಲಸ ಬರೆದೆವು. ಶನಿವಾರ ಟಿಕ್ ಹಾಕಿದಾಗ ನಾಲ್ಕು. ಬಾತ್‌ರೂಮಿನ ಟೈಲ್ಸ್ ಯಾಕಾಗಲಿಲ್ಲ? ವಾಟರ್‌ಪ್ರೂಫಿಂಗ್ ಆಗಿರಲಿಲ್ಲ. ಅದು ಯಾಕೆ ಇಲ್ಲ? ಪ್ಲಂಬರ್ ಗೋಡೆ ಕೊರೆದು ಪೈಪ್ ಕೂರಿಸಿರಲಿಲ್ಲ. ಅವರು ಯಾಕೆ ಬರಲಿಲ್ಲ? ಗೀಸರ್ ಯಾವ ಕಡೆ ಬರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇಡೀ ವಾರ ನಿಂತದ್ದು ಮನೆಯವರು ಕೊಡಬೇಕಿದ್ದ ಒಂದು ಉತ್ತರಕ್ಕೆ. ಮುಂದಿನ ವಾರದಿಂದ, ಹಿಂದಿನ ಕೆಲಸ ಮುಗಿದು ಸಾಮಾನು ಬಂದು ಬಿದ್ದಿದ್ದರೆ ಮಾತ್ರ ಆ ಕೆಲಸವನ್ನು ಗೋಡೆಗೆ ಬರೆಯೋದು ಅಂತ ಮಾಡಿದೆವು. ಪಟ್ಟಿ ಚಿಕ್ಕದಾಯಿತು, ಟಿಕ್ ಜಾಸ್ತಿ ಆಯಿತು.

ಬ್ಯಾಟರಿ

ಇಲ್ಲಿಗೆ ಬರುವ ಮುಂಚೆ ಅಡುಗೆಮನೆಗೆ ಬನ್ನಿ. ಗ್ಯಾಸ್ ಸಿಲಿಂಡರ್ ತುಂಬಿದ್ದಾಗಲೂ ಉರಿ ಅಷ್ಟೇ, ಕಾಲು ಭಾಗ ಉಳಿದಾಗಲೂ ಉರಿ ಅಷ್ಟೇ. ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಖಾಲಿ. ಒಳಗೆ ದ್ರವವೂ ಅನಿಲವೂ ಒಟ್ಟಿಗೆ ಇರುವಷ್ಟು ಕಾಲ ಒತ್ತಡ ಹೆಚ್ಚುಕಡಿಮೆ ಒಂದೇ ಇರುತ್ತದೆ. ದ್ರವ ಕಡಿಮೆಯಾಗುತ್ತದೆ, ಒತ್ತಡ ಮಾತ್ರ ಅದನ್ನು ಹೇಳೋದಿಲ್ಲ. ಅದಕ್ಕೇ ಅಮ್ಮ ಸಿಲಿಂಡರ್ ಎತ್ತಿ ನೋಡೋದು, ಒದ್ದೆ ಬಟ್ಟೆ ಒರೆಸಿ ಯಾವ ಮಟ್ಟದವರೆಗೆ ತೇವ ನಿಧಾನವಾಗಿ ಆರುತ್ತದೆ ಅಂತ ನೋಡೋದು.

ಈಗ ಎಲ್‌ಎಫ್‌ಪಿ ಬ್ಯಾಟರಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಟೆಕ್ಸಸ್‌ನಲ್ಲಿ ಪ್ರಕಟಿಸಿದ ವಸ್ತು, ಇವತ್ತು ಎಷ್ಟೋ ಕಾರು, ಬಸ್ಸು, ಮನೆಯ ಇನ್ವರ್ಟರ್‌ಗಳಲ್ಲಿದೆ. ಇದರೊಳಗೆ ಲಿಥಿಯಂ ತುಂಬಿದ ಭಾಗ, ಲಿಥಿಯಂ ಖಾಲಿಯಾದ ಭಾಗ ಅಂತ ಎರಡು ರೂಪ ಒಟ್ಟಿಗೆ ಇರುತ್ತವೆ. ಸಿಲಿಂಡರಿನ ದ್ರವ ಮತ್ತು ಅನಿಲದ ಹಾಗೇ. ಆದ್ದರಿಂದ ವೋಲ್ಟೇಜ್ ಕೂಡ ಹೆಚ್ಚಿನ ದಾರಿಯುದ್ದಕ್ಕೂ 3.2–3.3 ವೋಲ್ಟ್ ಆಸುಪಾಸಿನಲ್ಲೇ ಚಪ್ಪಟೆ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಸೆಲ್‌ನಲ್ಲಾದರೆ 4.2ರಿಂದ ಇಳಿಜಾರು ಇರುತ್ತದೆ, ವೋಲ್ಟೇಜ್ ನೋಡಿ ಚಾರ್ಜ್ ಹೇಳಬಹುದು. ಎಲ್‌ಎಫ್‌ಪಿಯಲ್ಲಿ ಅದು ಕಷ್ಟ. ಹಾಗಾಗಿ ಒಳಗೆ ಹೋದ ಕರೆಂಟ್ ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಅಂಗಡಿಯ ಖಾತೆಯ ಹಾಗೆ ಎಣಿಸುತ್ತಾ ಹೋಗಬೇಕು. ಎಣಿಕೆಯಲ್ಲಿ ಸಣ್ಣ ತಪ್ಪು ದಿನಾ ಸೇರುತ್ತದೆ. ಆಗಾಗ ಪೂರ್ತಿ 100ರವರೆಗೆ ಚಾರ್ಜ್ ಮಾಡಿ ಅಂತ ಇಂಥ ಗಾಡಿಗಳ ಕೈಪಿಡಿಯಲ್ಲಿ ಬರೆದಿರುವುದಕ್ಕೆ ಇದೊಂದು ಮುಖ್ಯ ಕಾರಣ. ತುದಿಯಲ್ಲಿ ವೋಲ್ಟೇಜ್ ಥಟ್ಟನೆ ಏರುತ್ತದೆ, ಖಾತೆ ಅಲ್ಲಿ ಸರಿಹೋಗುತ್ತದೆ.

ಇಲ್ಲಿ ಒಂದು ಚಂದದ ವಿಷಯ ಇದೆ. 2013ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆ ಮತ್ತು ಟೊಯೊಟಾದ ಸಂಶೋಧಕರು, ಎಲ್‌ಎಫ್‌ಪಿಗೂ ನೆನಪಿದೆ ಅಂತ ತೋರಿಸಿದರು! ಅರ್ಧಕ್ಕೆ ಚಾರ್ಜ್ ನಿಲ್ಲಿಸಿ, ಪೂರ್ತಿ ಖಾಲಿ ಮಾಡಿ, ಮತ್ತೆ ಚಾರ್ಜ್ ಮಾಡಿದರೆ ಹಿಂದೆ ನಿಲ್ಲಿಸಿದ ಜಾಗದಲ್ಲೇ ವೋಲ್ಟೇಜ್‌ನಲ್ಲಿ ಪುಟ್ಟ ಉಬ್ಬು ಕಾಣುತ್ತದೆ. ಉಬ್ಬು ತೀರಾ ಸಣ್ಣದು. ಆದರೆ ಗೆರೆ ಅಷ್ಟು ಚಪ್ಪಟೆ ಇರುವಾಗ, ವೋಲ್ಟೇಜ್ ನಂಬಿ ಲೆಕ್ಕ ಹಾಕಿದರೆ ಅಷ್ಟರಿಂದಲೇ ಶೇಕಡಾ ಲೆಕ್ಕ ಬಹಳ ತಪ್ಪಬಹುದು.

ಬ್ಯಾಟರಿ ಇನ್ನೆಷ್ಟು ದಿನ ಬಾಳುತ್ತದೆ ಅನ್ನೋದು ಇನ್ನೂ ಕಷ್ಟದ ಪ್ರಶ್ನೆ. 2019ರಲ್ಲಿ ಎಂಐಟಿ, ಸ್ಟ್ಯಾನ್‌ಫರ್ಡ್ ಮತ್ತು ಟೊಯೊಟಾ ಸಂಶೋಧನಾ ಸಂಸ್ಥೆಯ ತಂಡ 124 ಎಲ್‌ಎಫ್‌ಪಿ ಸೆಲ್‌ಗಳನ್ನು ಬೇರೆ ಬೇರೆ ರೀತಿಯಲ್ಲಿ ಫಾಸ್ಟ್ ಚಾರ್ಜ್ ಮಾಡಿ ಸವೆಸಿತು. ತುಂಬಿಸಿ ಖಾಲಿ ಮಾಡಿದರೆ ಒಂದು ಸುತ್ತು. ಕೆಲವು 150 ಸುತ್ತಿಗೇ ಸೋತವು, ಕೆಲವು 2,300ರವರೆಗೆ ಬಂದವು. ಮೊದಲ 100 ಸುತ್ತಿನಲ್ಲಿ ಹೆಚ್ಚಿನವುಗಳ ಸಾಮರ್ಥ್ಯ ಇಳಿದೇ ಇರಲಿಲ್ಲ, ಅಳೆದರೆ ಎಲ್ಲವೂ ಗಟ್ಟಿ. ಆಗ ಅವರು 10ನೇ ಸಲ ಹೇಗೆ ಖಾಲಿಯಾಯಿತು, 100ನೇ ಸಲ ಹೇಗೆ ಖಾಲಿಯಾಯಿತು ಅಂತ ಎರಡು ಗೆರೆಗಳನ್ನು ಒಂದರಿಂದ ಒಂದು ಕಳೆದು ನೋಡಿದರು. ಬೇಗ ಸಾಯುವ ಸೆಲ್‌ಗಳಲ್ಲಿ ಆ ವ್ಯತ್ಯಾಸ ದೊಡ್ಡದು. ಅದನ್ನು ಆಧಾರವಾಗಿಟ್ಟು ಹೇಳಿದ ಆಯಸ್ಸಿನಲ್ಲಿ ತಪ್ಪು ಸುಮಾರು ಶೇ. 9 ಮಾತ್ರ. ನನಗೆ ತುಂಬಾ ಹಿಡಿಸಿದ್ದು ಇದೇ: ಎಷ್ಟು ತುಂಬುತ್ತದೆ ಅನ್ನೋದು ಏನೂ ಹೇಳದೆ ಇರುವಾಗ, ಹೇಗೆ ಖಾಲಿಯಾಗುತ್ತದೆ ಅನ್ನೋದು ಹೇಳಿತು.

ಈಗ ಇದನ್ನು ಮುಚ್ಚಿ, ಒಂದು ಹಾಳೆ ತಗೊಳ್ಳಿ. ವಾರದ ನಂತರ ಓದಿದವರಿಗೆ ಶೇಕಡಾ ಎಷ್ಟು, ಬರೆದವರಿಗೆ ಎಷ್ಟು? ಲಾಸ್ಟ್ ಪ್ಲಾನರ್‌ನಲ್ಲಿ ಮುಕ್ಕಾಲು ಆದ ಕೆಲಸಕ್ಕೆ ಎಷ್ಟು ಅಂಕ? ಎಲ್‌ಎಫ್‌ಪಿಯ ವೋಲ್ಟೇಜ್ ಯಾಕೆ ಚಪ್ಪಟೆ? ಅಕ್ಕನ ಮನೆಯ ಟೈಲ್ಸ್ ನಿಂತದ್ದು ಯಾವ ಉತ್ತರಕ್ಕೆ? ಮೇಲೆ ಹೋಗಿ ನೋಡುವ ಮುಂಚೆ ಬರೆಯಿರಿ, ನಾಡಿದ್ದು ಇನ್ನೊಮ್ಮೆ ಬರೆಯಿರಿ.